ಭಾವ ಕಿತ್ತು ಹಾಕಿದ ಬಿಲ್ಲೆ

ನನ್ನ ಭಾವನ ಬಗ್ಗೆ ಒಳ್ಳೆಯ ಮಾತು ಕೇಳಬೇಕೆನ್ನುವವರು ಅವರ ವರ್ಕ್‌ಶಾಪಿನ ಮುಂದೆ ಹೋಗಿ ನಿಲ್ಲಲಿ. ಅಲ್ಲಿ ಹಳೆಯ ಟೈರುಗಳ ಮೇಲೆ ಕೂತು ಹೊತ್ತು ಕಳೆಯುವ ಡ್ರೈವರುಗಳು ಬೇಕಾದಷ್ಟು ಹೇಳುತ್ತಾರೆ. ಭಾವ ಕೈಯಿಟ್ಟರೆ ಸತ್ತ ಎಂಜಿನ್ ಎದ್ದು ಕೂರುತ್ತದಂತೆ. ನಡುರಸ್ತೆಯಲ್ಲಿ ಗಾಡಿ ಕೆಟ್ಟವರು ಫೋನ್ ಮಾಡಿದರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಾರಂತೆ. ಇರಬಹುದು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನು ಅವರ ಹೆಂಡತಿಯ ತಂಗಿ, ಅವರು ಬಿಟ್ಟು ಹೋದ ತಟ್ಟೆಯ ಮುಂದೆ ಅಕ್ಕ ಕಾದು ಕೂತದ್ದನ್ನು ಕಂಡವಳು. ನಾನು ಹೇಳುವುದು ಮನೆಯ ಕಡೆಯ ಕತೆ.

ಭಾವ ಗಿಡ್ಡ ಆಳು. ಅಗಲ ಭುಜ, ಕತ್ತು ಹುಡುಕಿದರೆ ಸಿಗಬಹುದು. ಮೀಸೆ ಮೂಡುವ ಮೊದಲೇ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವರು. ಕಲಿಸಿದ ಮೇಸ್ತ್ರಿ ತಪ್ಪಿದಾಗಲೆಲ್ಲ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದನಂತೆ. ಹಾಗೆ ಹೊಡೆಸಿಕೊಂಡು ಕಲಿತ ಪಾಠವನ್ನು ಯಾರು ಏನೇ ಹೇಳಿದರೂ ಭಾವ ಬಿಡುವವರಲ್ಲ. ಆ ಪಾಠಗಳಲ್ಲಿ ಮೊದಲನೆಯದು, ಗಾಡಿ ಕಾದರೆ ಬಿಲ್ಲೆ ಕೀಳು ಎನ್ನುವುದು.

ಬಿಲ್ಲೆ ಎಂದರೆ ಥರ್ಮೋಸ್ಟಾಟ್. ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಕೂರುವ ಹಿತ್ತಾಳೆಯ ಸಣ್ಣ ಬಾಗಿಲು. ಎಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, ಕಾದಾಗ ತೆರೆದು ಬಿಸಿ ನೀರನ್ನು ಆರಲು ಕಳಿಸುತ್ತದೆ. ಆ ಕಾಲದ ಲಾರಿಗಳಲ್ಲಿ ಅದು ಕಿಲುಬು ಹಿಡಿದು ಮುಚ್ಚಿಕೊಂಡೇ ಉಳಿಯುತ್ತಿತ್ತು, ಎಂಜಿನ್ ಕುದಿಯುತ್ತಿತ್ತು. ಕಿತ್ತೆಸೆದರೆ ತೊಂದರೆ ಮುಗಿಯುತ್ತಿತ್ತು. ಅಂದಿನಿಂದ ಭಾವ ಕೈಗೆ ಸಿಕ್ಕ ಪ್ರತಿ ಗಾಡಿಯ ಬಿಲ್ಲೆಯನ್ನೂ, ಅದು ಕಾಯಲಿ ಬಿಡಲಿ, ಕೀಳುತ್ತಾ ಬಂದರು. ಕಿತ್ತದ್ದನ್ನೆಲ್ಲ ತಂತಿಗೆ ಪೋಣಿಸಿ ವರ್ಕ್‌ಶಾಪಿನ ಬಾಗಿಲಿಗೆ ನೇತುಹಾಕಿದ್ದರು. "ಇಂಥ ಬಿಸಿಲಿನ ಊರಲ್ಲಿ ಇದಕ್ಕೇನು ಕೆಲಸ?" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಅಕ್ಕ ಈ ಮನುಷ್ಯನ ಜೊತೆ ಅರ್ಧ ಆಯಸ್ಸು ಕಳೆದವಳು. ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು, "ಅವರು ಹೇಳಿದ್ಮೇಲೆ ಸರಿಯಿರುತ್ತೆ ಬಿಡು." ಒಮ್ಮೆ ಭಾವ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿ ಉಲ್ಟಾ ಜೋಡಿಸಿಟ್ಟರು. ಎಲ್ಲರ ಮನೆಯಲ್ಲಿ ಮುಚ್ಚುವ ಕಡೆಗೆ ತಿರುಗಿಸಿದರೆ ನಮ್ಮ ಅಕ್ಕನ ಮನೆಯಲ್ಲಿ ನೀರು ಬರುತ್ತದೆ. ತಪ್ಪಾಗಿದೆ ಎಂದು ಅವಳು ಹೇಳಿದಳೇ? ಇಲ್ಲ. ಬಂದ ನೆಂಟರಿಗೆಲ್ಲ "ನಮ್ಮ ನಲ್ಲಿ ಹಾಗೇನೇ, ಈ ಕಡೆ ತಿರುಗಿಸಿ" ಎಂದು ಕಲಿಸಿದಳು. ಮಕ್ಕಳು ಆ ನಲ್ಲಿಯಲ್ಲೇ ಕೈ ತೊಳೆದು ದೊಡ್ಡವರಾಗಿ ಮದುವೆಯಾಗಿ ಹೋದರು. ನನಗಂತೂ ಆ ಸಿಂಕಿನ ಮುಂದೆ ನಿಂತಾಗಲೆಲ್ಲ ಮೈ ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ ಅಕ್ಕನ ಮೂತ್ರಪಿಂಡಗಳು ಕೈಕೊಟ್ಟವು. ದಿನ ಬಿಟ್ಟು ದಿನ ಡಯಾಲಿಸಿಸ್ ಆಗಬೇಕು. ಆ ಯಂತ್ರವಿರುವ ಆಸ್ಪತ್ರೆ ಗುಡ್ಡದ ಮೇಲಿದೆ. ಕೆಳಗಿನ ಬೀದಿಗಳಿಂದ ಅಲ್ಲಿಗೆ ಹೋಗುವ ರಸ್ತೆ ಸುತ್ತಿ ಸುತ್ತಿ ಏರುತ್ತದೆ, ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಪ್ರಪಾತ. ಬಸ್ಸು ತಿರುವುಗಳಲ್ಲಿ ಒಗೆದ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ, ಅಕ್ಕನ ಕೈಲಿ ಆಗುವುದಿಲ್ಲ. ನನ್ನ ಬಳಿ ಹಳೆಯ ಮಿನಿವ್ಯಾನ್ ಇತ್ತು, ಬೆಳಿಗ್ಗೆ ಸಂಜೆ ಹೊಲಿಗೆ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಿದ್ದೆ. ನಡುವಿನ ಹೊತ್ತು ಅಕ್ಕನಿಗೆ ಎಂದಾಯಿತು. ಹಿಂದಿನ ಸೀಟನ್ನು ಒರಗಿಸಿ ಎರಡು ದಿಂಬು ಇಟ್ಟರೆ ಅವಳು ಹಾಯಾಗಿ ಬರುತ್ತಿದ್ದಳು.

ಅಲ್ಲಿ ಒಂದು ಕಟ್ಟುನಿಟ್ಟು ಇದೆ. ನಿಮ್ಮ ಹೊತ್ತಿಗೆ ನೀವು ಯಂತ್ರದ ಪಕ್ಕ ಇರಬೇಕು. ತಡವಾದರೆ ಅಷ್ಟು ಹೊತ್ತು ಕಡಿತ, ಯಾಕೆಂದರೆ ನಿಮ್ಮ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಕಡಿತವಾದರೆ ಮೈಯಲ್ಲಿ ನೀರು ಉಳಿಯುತ್ತದೆ, ಹೆಚ್ಚಾದರೆ ಎದೆಗೆ ಏರುತ್ತದೆ. ಡಾಕ್ಟರ್ ಇದನ್ನು ಅಕ್ಕನಿಗೂ ನನಗೂ ಹೇಳಿದ್ದರು. ಭಾವನಿಗೆ ಹೇಳಲು ಆಗಿರಲಿಲ್ಲ, ಭಾವ ಒಂದು ದಿನವೂ ಆಸ್ಪತ್ರೆಗೆ ಬಂದಿರಲಿಲ್ಲ. "ಅಂಗಡಿ ಬಿಟ್ಟು ಬರೋಕಾಗುತ್ತಾ?" ಎನ್ನುತ್ತಿದ್ದರು. ಅವರಿಗೆ ಆಸ್ಪತ್ರೆ ಎಂದರೆ ಭಯ, ರಕ್ತ ಕಂಡರೆ ಕೈ ನಡುಗುತ್ತೆ ಎಂದು ಅಕ್ಕ ಅವರ ಪರವಾಗಿ ಹೇಳುತ್ತಿದ್ದಳು. ಭಯ ನನಗೂ ಇದೆ. ಯಾರು ಕೇಳಿದರು?

ಬಿಸಿಲು ಏರುವ ತಿಂಗಳಲ್ಲಿ ವ್ಯಾನ್ ಕಾಯಲು ಶುರುವಾಯಿತು. ಅದರ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ, ಹಾಗಾಗಿ ಬಿಸಿ ತೋರಿಸುವ ಮೀಟರಿನ ಸೂಚಿ ನೋಡುವ ಮೊದಲೇ ನನ್ನ ತೊಡೆಗೆ ಸುದ್ದಿ ಮುಟ್ಟಿತು. ಸಮತಟ್ಟು ರಸ್ತೆಯಲ್ಲಿ ಸೂಚಿ ನಡುವೆ ಇರುತ್ತಿತ್ತು. ಗುಡ್ಡದ ಮೂರನೇ ತಿರುವು ದಾಟುವಷ್ಟರಲ್ಲಿ ಕೆಂಪಿಗೆ ಹತ್ತಿರವಾಗುತ್ತಿತ್ತು. ಗೋಡೆಯ ಬದಿಗೆ ನಿಲ್ಲಿಸಿ, ಸೀಟೆತ್ತಿ, ಆರಲು ಬಿಟ್ಟು ಮತ್ತೆ ಹೊರಡಬೇಕು. ಅಕ್ಕ ಹಿಂದಿನಿಂದ "ನಿಧಾನ ಕಣೆ, ಹೊತ್ತಿದೆ" ಎನ್ನುತ್ತಿದ್ದಳು. ಹೊತ್ತು ಇರಲಿಲ್ಲ. ಹಾಗೆ ನಿಂತ ಮೊದಲ ದಿನವೇ ಯಂತ್ರದ ಮೇಲೆ ಅವಳಿಗೆ ಸಿಗಬೇಕಾದ ಹೊತ್ತಿನಲ್ಲಿ ಕಾಲುಭಾಗ ಹೋಯಿತು.

ವ್ಯಾನನ್ನು ಭಾವನ ಮುಂದೆ ನಿಲ್ಲಿಸಿದೆ. ಅವರು ಎಂಜಿನ್ ಚಾಲೂ ಮಾಡಿಸಿ ಕಿವಿ ಹತ್ತಿರ ತಂದು ಕೇಳಿದರು. ನನ್ನ ಕೈಲಿ ಆಕ್ಸಿಲರೇಟರ್ ಒತ್ತಿಸಿದರು. ಸೂಚಿ ನಡು ಬಿಟ್ಟು ಅಲ್ಲಾಡಲಿಲ್ಲ.

"ನೋಡು. ಎಲ್ಲಿ ಕಾಯ್ತಿದೆ?"

"ಏರಲ್ಲಿ ಕಾಯುತ್ತೆ ಭಾವ. ಇಲ್ಲಿ ಏರು ಎಲ್ಲಿದೆ?"

"ಎಂಜಿನ್‌ಗೆ ಏರು ಇಳಿಜಾರು ಅಂತ ಕಣ್ಣಿದೆಯಾ? ಕೆಟ್ಟಿದ್ರೆ ಎಲ್ಲಾ ಕಡೆ ಕಾಯ್ಬೇಕು."

"ನೀವೇ ಒಂದ್ಸಲ ಮೇಲಿನವರೆಗೂ ಬನ್ನಿ. ಕಣ್ಣಾರೆ ನೋಡಿ."

"ನನಗೆ ಕೆಲಸ ಹೇಳಿಕೊಡ್ತೀಯಾ?"

ರೇಡಿಯೇಟರ್ ತೊಳೆದರು. ಮುಚ್ಚಳ ಬದಲಿಸಿದರು. ಮತ್ತೆ ಕಾಯಿತು. ಫ್ಯಾನಿನ ಬೆಲ್ಟ್ ಬದಲಿಸಿದರು. ಮತ್ತೆ ಕಾಯಿತು. ಹೋಸುಗಳನ್ನು ಬದಲಿಸಿದರು, ನೀರಿನ ಪಂಪನ್ನೂ ಬದಲಿಸಿದರು. ಪ್ರತಿ ಸಲವೂ ವರ್ಕ್‌ಶಾಪಿನ ಸಿಮೆಂಟು ನೆಲದ ಮೇಲೆ ನಿಲ್ಲಿಸಿ ನೋಡಿ, ಸರಿಹೋಯಿತು ಎಂದು ಕಳಿಸಿದರು, ಪ್ರತಿ ಸಲವೂ ನಾನೂ ಅಕ್ಕನೂ ಆ ಗೋಡೆಯ ಪಕ್ಕ ನಿಂತೆವು. ಕೊನೆಗೆ ಅವರು ಹೇಳಿದ್ದು ಕೇಳಿ. "ಮೀಟರ್ ಸುಳ್ಳು ಹೇಳ್ತಿದೆ. ಅದನ್ನ ನೋಡಬೇಡ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಸೀಟಿನ ಕೆಳಗೆ ಬುಸುಗುಡುವ ಹಬೆಯೂ ಸುಳ್ಳೇ ಎಂದು ಕೇಳಿದೆ. ಹೆಂಗಸರು ಗೇರ್ ಹಾಕುವ ರೀತಿಗೆ ಯಾವ ಎಂಜಿನ್ ಆದರೂ ಕಾಯುತ್ತದೆ ಎಂದರು. ಟೈರಿನ ಮೇಲೆ ಕೂತವರು ನಕ್ಕರು. ಅವತ್ತು ನನಗೆ ಆ ಮನುಷ್ಯನ ಮೇಲೆ ಹುಟ್ಟಿದ ದ್ವೇಷ ಇವತ್ತಿಗೂ ಪೂರ್ತಿ ಆರಿಲ್ಲ.

ಅದೇ ರಸ್ತೆಯ ಆ ತುದಿಯಲ್ಲಿ ಇನ್ನೊಂದು ವರ್ಕ್‌ಶಾಪ್ ಇದೆ. ಅದರ ಯಜಮಾನನಿಗೆ ದಪ್ಪ ಕನ್ನಡಕ, ಊರೆಲ್ಲ ಅವನನ್ನು ಗೂಬೆ ಎನ್ನುತ್ತದೆ, ಅವನೂ ಓಗೊಡುತ್ತಾನೆ. ನಮ್ಮ ಮನೆಯ ಗಾಡಿ ಆ ಗೇಟು ದಾಟಬಾರದು ಎನ್ನುವುದು ಭಾವನ ಕಾನೂನು. ಅವರ ಸ್ವಂತ ತಮ್ಮ ಒಮ್ಮೆ ತುರ್ತಿಗೆ ಅಲ್ಲಿ ಪಂಕ್ಚರ್ ಹಾಕಿಸಿದ್ದಕ್ಕೆ ಭಾವ ಅವನ ಮಗಳ ಮದುವೆಗೇ ಹೋಗಲಿಲ್ಲ. ಅಕ್ಕ ಒಬ್ಬಳೇ ಹೋಗಿ, ಗಂಡನಿಗೆ ಜ್ವರ ಎಂದು ಹೇಳಿ ಬಂದಳು.

ನಾನು ಗೇಟು ದಾಟಿದೆ. ಗೂಬೆ ಒಳ್ಳೆಯ ಮನುಷ್ಯನೇನಲ್ಲ. ನನ್ನನ್ನು ಕಂಡವನೇ ಹಲ್ಲು ಕಿರಿದು, "ಏನು, ಆ ತುದಿ ಮೇಸ್ತ್ರಿ ಮನೆಯವರು ದಾರಿ ತಪ್ಪಿ ಬಂದ್ರಾ?" ಎಂದ.

"ಹಲ್ಲು ಕಿರಿಯೋದು ಸಾಕು. ಏರಲ್ಲಿ ಕಾಯುತ್ತೆ. ಗೊತ್ತಾದ್ರೆ ಹೇಳು, ಇಲ್ಲಾಂದ್ರೆ ಹೊರಟೆ."

ಅವನು ಬಾನೆಟ್ಟು, ಸೀಟು ಯಾವುದನ್ನೂ ಎತ್ತಲಿಲ್ಲ. ಪಕ್ಕದ ಸೀಟಿನಲ್ಲಿ ಬಂದು ಕೂತ. "ನಡೀರಿ, ಆ ಏರಿಗೇ ಹೋಗೋಣ." ಮೂರನೇ ತಿರುವಿನಲ್ಲಿ ಸೂಚಿ ಏರಿತು. ನಿಲ್ಲಿಸಲು ಹೇಳಿ, ಸೀಟೆತ್ತಿ, ಬಟ್ಟೆ ಸುತ್ತಿದ ಕೈಯಲ್ಲಿ ಹೋಸುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಪಂಪಿನ ಪಕ್ಕ ಒಂದು ಗಿಡ್ಡ ಹೋಸು ಇತ್ತು. ಅದನ್ನು ಇಕ್ಕಳದಲ್ಲಿ ಚಪ್ಪಟೆಯಾಗುವಂತೆ ಅಮುಕಿ, ಇಕ್ಕಳಕ್ಕೆ ತಂತಿ ಬಿಗಿದು ಹಾಗೇ ಬಿಟ್ಟ. ಎಂಜಿನ್ ಆರಿದ ಮೇಲೆ ಅಷ್ಟೂ ಏರನ್ನು ಮತ್ತೆ ಮೊದಲಿನಿಂದ ಹತ್ತಿಸಿದ. ಸೂಚಿ ನಡು ಬಿಟ್ಟು ಕದಲಲಿಲ್ಲ. ನನಗೆ ನಂಬಲಾಗಲಿಲ್ಲ, ಮೀಟರಿನ ಗಾಜನ್ನು ಬೆರಳಿನಿಂದ ಕುಟ್ಟಿ ನೋಡಿದೆ.

ವರ್ಕ್‌ಶಾಪಿಗೆ ಮರಳಿ ಬಿಲ್ಲೆಯ ಗೂಡು ಬಿಚ್ಚಿದ. ಒಳಗೆ ಖಾಲಿ.

"ಇದನ್ನ ಕಿತ್ತವರು ಯಾರು ಅಂತ ಕೇಳಲ್ಲ. ಆ ರಸ್ತೆಯಲ್ಲಿ ಹೋಗೋರಿಗೆಲ್ಲ ಕಾಣುತ್ತೆ, ಬಾಗಿಲಲ್ಲೇ ನೇತಾಡ್ತಿದೆಯಲ್ಲ."

ಹೊಸ ಬಿಲ್ಲೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟ. "ಲಾರಿ ಬಿಲ್ಲೆಗೆ ಒಂದೇ ಬಾಗಿಲು. ಇದಕ್ಕೆ ಕೆಳಗೊಂದು ಬಾಲ ಇದೆ ನೋಡಿ. ಎಂಜಿನ್ ಕಾದಾಗ ಮೇಲಿನ ಬಾಗಿಲು ತೆರೆಯುತ್ತೆ, ಅದೇ ಹೊತ್ತಿಗೆ ಈ ಬಾಲ ಹೋಗಿ ಆ ಗಿಡ್ಡ ಹೋಸಿನ ಕಿಂಡಿ ಮುಚ್ಚುತ್ತೆ. ಬಿಲ್ಲೆನೇ ಇಲ್ಲ ಅಂದ್ರೆ ಕಿಂಡಿ ಸದಾ ತೆರೆದೇ ಇರುತ್ತೆ. ಬಿಸಿ ನೀರಲ್ಲಿ ಅರ್ಧ ರೇಡಿಯೇಟರ್ ಮುಖಾನೇ ನೋಡಲ್ಲ, ಒಳಗೊಳಗೇ ಸುತ್ತುತ್ತೆ. ಸಮತಟ್ಟಲ್ಲಿ ಹೇಗೋ ನಡೆಯುತ್ತೆ. ಏರಲ್ಲಿ ಭಾರ ಬಿದ್ದಾಗ ಕುದಿಯುತ್ತೆ."

ಬಿಲ್ಲೆ ಕೂರಿಸಿ, ವ್ಯಾನಿನ ಮೂತಿಯನ್ನು ಇಳಿಜಾರಿನ ಮೇಲಕ್ಕೆ ಎತ್ತಿ ನಿಲ್ಲಿಸಿ, ಒಳಗಿನ ಗಾಳಿಯೆಲ್ಲ ಗುಳುಗುಳು ಎಂದು ಹೋಗುವವರೆಗೂ ನೀರು ತುಂಬಿದ. ಹೊರಡುವಾಗ, "ನಿಮ್ಮ ಭಾವನಿಗೆ ನನ್ನ ನಮಸ್ಕಾರ ತಿಳಿಸಿ" ಎಂದು ಮತ್ತೆ ಹಲ್ಲು ಕಿರಿದ. ಕೆಲಸ ಬಲ್ಲವನಾದರೂ ಅವನ ಕೆನ್ನೆಗೆ ಒಂದು ಕೊಡಬೇಕೆನಿಸಿತು.

ಅಲ್ಲಿಂದಾಚೆ ನಾವು ಗೋಡೆಯ ಪಕ್ಕ ನಿಲ್ಲಲಿಲ್ಲ. ಅಕ್ಕನ ಕಾಲಿನ ಬಾವು ಇಳಿಯಿತು, ರಾತ್ರಿ ಮಲಗಿ ನಿದ್ದೆ ಮಾಡಿದಳು. ನಾನು ನಡೆದದ್ದನ್ನೆಲ್ಲ ಅವಳಿಗೆ ಹೇಳಿ, "ಇವತ್ತು ಭಾವನ ಮುಖಕ್ಕೆ ಹೇಳ್ತೀನಿ" ಎಂದೆ.

"ಬೇಡ ಕಣೆ. ನನ್ನಾಣೆ. ಗೂಬೆ ಹತ್ರ ಹೋಗಿದ್ವಿ ಅಂತ ಗೊತ್ತಾದ್ರೆ ಅವರು ಊಟ ಬಿಡ್ತಾರೆ."

"ಬಿಡ್ಲಿ. ಒಂದು ಹೊತ್ತು ಬಿಟ್ರೆ ಸಾಯಲ್ಲ. ನೀನು ಆ ಯಂತ್ರ ಬಿಟ್ರೆ ಸಾಯ್ತೀಯ."

"ಗಾಡಿ ಸರಿ ಓಡ್ತಿದೆಯಲ್ಲ, ಇನ್ಯಾಕೆ ಜಗಳ?" ಎಂದು ಅಕ್ಕ ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತಾಗಿದ್ದ ಕೈ. ನಾನು ಬಾಯಿ ಮುಚ್ಚಿಕೊಂಡೆ. ಅದೊಂದು ಬಿಸಿತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಯಾಕೆಂದರೆ ಭಾವ ಅಷ್ಟರಲ್ಲಿ ಟೈರಿನವರ ಮುಂದೆ ಶುರು ಮಾಡಿದ್ದರು, "ರೇಡಿಯೇಟರ್ ತೊಳೆದ ಗುಣ ಅದು. ತಡವಾಗಿ ನಾಟುತ್ತೆ, ಆದ್ರೆ ನಾಟುತ್ತೆ." ನನ್ನನ್ನು ಕಂಡಾಗ, "ಈಗೇನಂತೆ ನಿನ್ನ ಮೀಟರ್?" ಎಂದು ಕೇಳುತ್ತಿದ್ದರು. ನಾನು ಹಲ್ಲು ಕಚ್ಚಿ ಮುಂದೆ ಹೋಗುತ್ತಿದ್ದೆ.

ಕಾರ್ಖಾನೆಗೆ ರಜೆ ಇದ್ದ ಒಂದು ದಿನ ವ್ಯಾನ್ ಅಕ್ಕನ ಮನೆಯ ಮುಂದೆ ನಿಂತಿತ್ತು. ಭಾವ ಆಯಿಲ್ ಬದಲಿಸಲು ಸೀಟೆತ್ತಿದರು. ಬಿಲ್ಲೆಯ ಗೂಡಿನ ಅಂಚಿನಲ್ಲಿ, ನೀರು ಸೋರದಂತೆ ಹಚ್ಚುವ ಅಂಟು ಅವರು ಬಳಸದ ಬಣ್ಣದಲ್ಲಿ ಕಂಡಿತು. ಯಾರ ಕೈ ಎಂದು ಗೊತ್ತಾಗಲು ಅವರಿಗೆ ಅಷ್ಟು ಸಾಕು. ಒಳಗೆ ಬಂದು ಕೂಗಾಡಿದ್ದರೆ ಎಷ್ಟೋ ಒಳ್ಳೆಯದಿತ್ತು. ಕೂಗಲಿಲ್ಲ, ಕೇಳಲಿಲ್ಲ. ಬಿಲ್ಲೆ ಕಿತ್ತರು, ಗೂಡು ಮುಚ್ಚಿದರು, ನೀರು ತುಂಬಿದರು, ಕೈ ತೊಳೆದು ಊಟಕ್ಕೆ ಕೂತರು. ನಮಗೆ ಇದೆಲ್ಲ ಗೊತ್ತಾದದ್ದು ಆಮೇಲೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೋಡಿದ್ದೇನೆ. ನಾಲ್ಕನೇ ಕಾಲು ಕಂಡರೆ ಅದನ್ನೂ ಮುರಿದಿಡುವವರನ್ನು ಕಂಡದ್ದು ಇವರೊಬ್ಬರನ್ನೇ.

ಮರುದಿನ ಅಕ್ಕನ ಸರದಿ. ಆಸ್ಪತ್ರೆಗೂ ರಜೆ ಬಂದು ಒಂದು ದಿನ ಹೆಚ್ಚಿಗೆ ಕಳೆದಿತ್ತು, ಅವಳ ಮುಖ ಬೆಳಿಗ್ಗೆಯೇ ಊದಿತ್ತು. ದಿಂಬಿಗೆ ಒರಗಲಾರದೆ ಮುಂದಕ್ಕೆ ಬಾಗಿ ಕೂತಿದ್ದಳು. ಎರಡನೇ ತಿರುವಿಗೇ ನನ್ನ ತೊಡೆ ಸುಟ್ಟಿತು. ಮೂರನೆಯದಕ್ಕೆ ಸೂಚಿ ಕೆಂಪು ಮುಟ್ಟಿತು, ಸೀಟಿನ ಕೆಳಗಿನಿಂದ ಹಬೆ ಬಂತು. ಗೋಡೆಯ ಪಕ್ಕ ನಿಲ್ಲಿಸಿ ಭಾವನಿಗೆ ಫೋನ್ ಮಾಡಿದೆ.

"ವ್ಯಾನ್‌ಗೆ ಏನು ಮಾಡಿದ್ರಿ?"

"ಯಾವನೋ ಅವಿವೇಕಿ ಬಿಲ್ಲೆ ಹಾಕಿದ್ದ. ಕಿತ್ತೆ."

"ಅಕ್ಕನಿಗೆ ಉಸಿರು ಕಟ್ತಿದೆ. ಇಲ್ಲಿ ನಡುದಾರೀಲಿ ಕೂತಿದ್ದೀವಿ. ನಿಮ್ಮ ಹೆಂಡತಿನ ನೀವೇ ಕೊಲ್ತಿದ್ದೀರಿ ಭಾವ. ಕೇಳಿಸ್ತಾ?"

ನಾನು ಫೋನ್ ಇಟ್ಟು ರಸ್ತೆಯ ನಡುವೆ ಹೋಗಿ ನಿಂತೆ. ಮೊಟ್ಟೆ ಸಾಗಿಸುವ ಟೆಂಪೋ ಒಂದು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರ್ ಬೈಯಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಇಳಿದು ಬಂದ. ಇಬ್ಬರೂ ಸೇರಿ ಅವಳನ್ನು ಎತ್ತಿ ಮುಂದಿನ ಸೀಟಿಗೆ ಕೂರಿಸಿದೆವು. ಅವಳ ತುಟಿ ನೀಲಿಯಾಗಿತ್ತು. ದಾರಿಯುದ್ದಕ್ಕೂ ನನ್ನ ಹೆಗಲಿಗೆ ತಲೆಯಿಟ್ಟು ಒಂದೊಂದು ಉಸಿರನ್ನೂ ಎಳೆದೆಳೆದು ತೆಗೆದುಕೊಂಡಳು. ನಾನು ದೇವರನ್ನು ಬೇಡಿಕೊಳ್ಳಲಿಲ್ಲ, ಭಾವನನ್ನು ಬೈದುಕೊಳ್ಳುತ್ತಾ ಹೋದೆ.

ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು, ಸೂಜಿ ಹಾಕಿದರು, ಯಂತ್ರಕ್ಕೆ ಜೋಡಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರ್ ಹೇಳಲು ಹೊರಟರು, ಗೊತ್ತು ಬಿಡಿ ಎಂದೆ. ನಿಧಾನವಾಗಿ ಅವಳ ತುಟಿಗೆ ಬಣ್ಣ ಬಂತು.

ಮಧ್ಯಾಹ್ನದ ಹೊತ್ತಿಗೆ ಭಾವ ಬಂದರು. ಯಾರದೋ ಬೈಕಿನಲ್ಲಿ ವ್ಯಾನಿನವರೆಗೆ ಬಂದು, ಅದು ಆರಿದ ಮೇಲೆ ನಾನು ಅದರಲ್ಲೇ ಬಿಟ್ಟಿದ್ದ ಕೀ ತಿರುಗಿಸಿ ತಾವೇ ಓಡಿಸಿಕೊಂಡು ಹೊರಟಿದ್ದರು. ಇನ್ನೆರಡು ತಿರುವು ಹತ್ತುವಷ್ಟರಲ್ಲಿ ಅದು ಅವರ ಕಣ್ಣೆದುರೇ ಕುದಿಯಿತು. ಅವಸರದಲ್ಲಿ ಮುಚ್ಚಳ ತೆಗೆಯಲು ಹೋಗಿ ಮುಂಗೈ ಸುಟ್ಟುಕೊಂಡು, ಅದಕ್ಕೆ ಎಣ್ಣೆ ಒರೆಸುವ ಚಿಂದಿ ಸುತ್ತಿಕೊಂಡು, ಉಳಿದ ಏರನ್ನು ನಡೆದು ಹತ್ತಿದ್ದರು. ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ನರ್ಸ್ ಚಪ್ಪಲಿ ಬಿಡಿಸಿದಳು. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ.

ಭಾವ ಅಕ್ಕನ ಮುಖ ನೋಡಲಿಲ್ಲ. ಯಂತ್ರ ನೋಡಿದರು. ಅವಳ ಕೈಯಿಂದ ಕೆಂಪಗೆ ಹೊರಟ ಕೊಳವೆ ಪಂಪಿಗೆ ಹೋಗಿ, ರಕ್ತ ಸೋಸುವ ನಳಿಗೆಯೊಳಗೆ ಇಳಿದು, ಮತ್ತೆ ಅವಳ ಕೈಗೇ ಬರುವುದನ್ನು ಕಣ್ಣಲ್ಲೇ ಹಿಂಬಾಲಿಸಿದರು. ಅವರ ಕೈ ನಿಜಕ್ಕೂ ನಡುಗುತ್ತಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಈ ಕೊಳವೆ ಮಧ್ಯದಲ್ಲಿ ಉಬ್ಬಿದ್ಯಲ್ಲ, ಇದ್ಯಾಕೆ? ಇಲ್ಲಿ ತಡೆ ಆಗಲ್ವಾ?" ಎಂದು ನರ್ಸನ್ನು ಕೇಳಿ, ತೋರಿಸಲು ಬೆರಳು ಚಾಚಿದರು.

ಅಕ್ಕ ಇನ್ನೊಂದು ಕೈಯಿಂದ ಮಾಸ್ಕ್ ಕೆಳಗಿಳಿಸಿದಳು.

"ಅದನ್ನ ಮುಟ್ಟಬೇಡಿ. ಅದರಲ್ಲಿ ನೀವು ಕೀಳೋ ಅಂಥದ್ದು ಏನೂ ಇಲ್ಲ."

ಭಾವನ ಬೆರಳು ಹಾಗೇ ನಿಂತಿತು. ಪಕ್ಕದ ಮಂಚದ ಮುದುಕ ಕೂಡ ಈ ಕಡೆ ತಿರುಗಿದ. ಅಕ್ಕ ಗಂಡನಿಗೆ ಬೇಡ ಎಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

"ನನಗೆ ಗೊತ್ತಿರ್ಲಿಲ್ಲ..." ಎಂದರು ಭಾವ.

"ಏರಲ್ಲಿ ಕಾಯುತ್ತೆ ಅಂತ ಇವಳು ಎಷ್ಟು ಸಲ ಹೇಳಿದ್ಳು. ನೀವು ಬಂದು ನೋಡ್ಲಿಲ್ಲ. ನಾನು ಇಲ್ಲಿ ಹೇಗಿರ್ತೀನಿ ಅಂತಾನೂ ಬಂದು ನೋಡ್ಲಿಲ್ಲ." ಉಸಿರು ಸಾಲದೆ ನಿಲ್ಲಿಸಿದಳು. ಮತ್ತೆ ಮಾತಾಡಿದಾಗ ಅವರ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದಳು. "ವ್ಯಾನ್‌ನ ಗೂಬೆ ಹತ್ರ ಬಿಡು. ಇನ್ಮೇಲೆ ಅಲ್ಲೇ."

ಭಾವ ಜೇಬಿನಿಂದ ವ್ಯಾನಿನ ಕೀ ತೆಗೆದು, ಚಿಂದಿ ಸುತ್ತಿದ ಕೈಯಲ್ಲೇ ನನಗೆ ಚಾಚಿದರು. ಮಂಚದ ಪಕ್ಕದ ಸ್ಟೂಲನ್ನು ನೋಡಿ, "ಇಲ್ಲಿ ಕೂರ್ಲಾ?" ಎಂದು ಅಕ್ಕನನ್ನು ಕೇಳಿದರು.

"ಕೂರಿ. ಮಾತಾಡಬೇಡಿ" ಎಂದು ಅಕ್ಕ ಮಾಸ್ಕ್ ಏರಿಸಿ ಕಣ್ಣು ಮುಚ್ಚಿದಳು.

ಭಾವ ಕೂತರು. ನಾನು ಗೂಬೆಗೆ ಫೋನ್ ಮಾಡಲು ಹೊರಗೆ ಹೋದೆ.